ಮೊದಲು ಗೋಡೆ ನೋಡು, ಆಮೇಲೆ ಫಿಟಿಂಗ್

ಪುಟ್ಟಿ,

ನಿಮ್ಮ ಆಫೀಸಿನಲ್ಲಿ ನಿನ್ನ ಒಬ್ಬಳ ಜವಾಬ್ದಾರಿಗೇ ಎರಡು ಕೆಲಸ ಕೊಟ್ಟಿದ್ದಾರೆ ಅಂತ ನಿಮ್ಮಮ್ಮ ಹೇಳಿದಳು. ಒಂದು ರೇಷ್ಮೆ ಸೀರೆಯ ಶೋರೂಮು, ಇನ್ನೊಂದು ಜಿಲ್ಲಾ ಕೇಂದ್ರದ ಸಾರ್ವಜನಿಕ ಗ್ರಂಥಾಲಯದ ವಾಚನಾಲಯ. ಕೇಳಿ ತುಂಬಾ ಸಂತೋಷವಾಯಿತು. ಒಂದು ಕಡೆ ಬಣ್ಣ ಕೈಕೊಡಬಾರದು, ಇನ್ನೊಂದು ಕಡೆ ಕಣ್ಣು ದಣಿಯಬಾರದು. ಶುರುವಿನಲ್ಲೇ ಇಂಥ ಎರಡು ಕೆಲಸ ಸಿಕ್ಕುವುದು ಪುಣ್ಯ ಕಣಮ್ಮ. ನೀನು ಕೇಳಲಿ ಅಂತ ಕಾಯದೆ ಬರೆಯುತ್ತಿದ್ದೇನೆ. ಫಾಲ್ಸ್ ಸೀಲಿಂಗಿಗೆ ತೂತು ಕೊರೆದ ಮೇಲೆ ಮಾವ ಏನು ಹೇಳಿದರೂ ಪ್ರಯೋಜನವಿಲ್ಲ.

ನಾವು ಕೆಲಸ ಕಲಿಯುವಾಗ ಒಂದೊಂದು ಪಾಯಿಂಟ್ ಹಾಕುವುದಕ್ಕೂ ಹಿಂದೆ ಮುಂದೆ ನೋಡುತ್ತಿದ್ದೆವು. ತಂತಿಯ ಬಲ್ಬು ಒಂದು ವ್ಯಾಟ್ ಕರೆಂಟಿಗೆ ಹತ್ತು-ಹದಿನೈದು ಲ್ಯೂಮೆನ್ ಬೆಳಕು ಕೊಟ್ಟರೆ ದೊಡ್ಡದು, ಮಿಕ್ಕಿದ್ದೆಲ್ಲ ಶಾಖ. ಹ್ಯಾಲೊಜೆನ್ ಹಾಕಿದರೆ ಎ.ಸಿ.ಯವನು ಜಗಳಕ್ಕೆ ಬರುತ್ತಿದ್ದ. ಈಗ ಒಳ್ಳೆಯ ಎಲ್‌ಇಡಿ ಅದೇ ಒಂದು ವ್ಯಾಟಿಗೆ ನೂರಕ್ಕೂ ಹೆಚ್ಚು ಲ್ಯೂಮೆನ್ ಕೊಡುತ್ತದೆ. ಬೆಲೆಯೂ ಹಾಗೆಯೇ ಇಳಿಯಿತು. ಕೇಂದ್ರ ಸರ್ಕಾರದ ಇಇಎಸ್‌ಎಲ್ ಸಂಸ್ಥೆ 2014ರ ಆರಂಭದಲ್ಲಿ ಒಂದು ಎಲ್‌ಇಡಿ ಬಲ್ಬನ್ನು ಸಗಟಾಗಿ ಕೊಂಡದ್ದು 310 ರೂಪಾಯಿಗೆ. 2016ರ ಹೊತ್ತಿಗೆ ಅದು 38 ರೂಪಾಯಿಗೆ ಬಂತು. ಇದರಿಂದ ದೇಶಕ್ಕೆ ಆದ ಒಳ್ಳೆಯದು ಸಣ್ಣದಲ್ಲ. ಆದರೆ ಕಟ್ಟಡದ ಒಳಗೆ ದೀಪ ಜೋಡಿಸುವ ನಮ್ಮಂಥವರ ಕೈಯನ್ನು ತಡೆಯುತ್ತಿದ್ದ ಬೆಲೆ, ಬಿಲ್ಲು, ಶಾಖ ಮೂರೂ ಒಟ್ಟಿಗೆ ಇಲ್ಲವಾದವು. ಈಗ ತಡೆಯಬೇಕಾದವಳು ನೀನೇ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೊಂದೇ. ಮುಂದೆ ಬರೆಯುವುದೆಲ್ಲ ಇದರ ವಿವರ.

ಊರಿನ ಯಾವ ಹೊಸ ಬ್ಯಾಂಕಿಗೆ, ಕಲ್ಯಾಣಮಂಟಪಕ್ಕೆ, ಸೂಪರ್ ಮಾರ್ಕೆಟ್ಟಿಗೆ ಹೋದರೂ ತಲೆ ಎತ್ತಿ ನೋಡು. ನಾಲ್ಕು ಅಡಿಗೊಂದರಂತೆ ಸಾಲಾಗಿ ಡೌನ್‌ಲೈಟು, ನಡುನಡುವೆ ಎರಡಡಿ ಚೌಕದ ಪ್ಯಾನಲ್ಲು, ಎಲ್ಲವೂ 6500 ಕೆಲ್ವಿನ್ನಿನ ನೀಲಿ ಬಿಳುಪು. ಲಕ್ಸ್ ಮೀಟರನ್ನು ನೆಲದ ಮೇಲಿಟ್ಟರೆ ಅಂಕಿ ಚೆನ್ನಾಗಿಯೇ ಬರುತ್ತದೆ. ಆದರೂ ಒಳಗೆ ಕಾಲಿಟ್ಟವನಿಗೆ ಜಾಗ ಮಂಕಾಗಿದೆ ಅನ್ನಿಸುತ್ತದೆ. ಯಾಕೆ ಅಂದರೆ, ಅಷ್ಟೂ ಬೆಳಕು ಬಿದ್ದದ್ದು ನೆಲದ ಮೇಲೆ. ಮನುಷ್ಯ ನಿಂತಾಗ, ನಡೆದಾಗ ಅವನ ಕಣ್ಣೆದುರು ಇರುವುದು ಗೋಡೆ, ಕಂಬ, ಎದುರಿನವರ ಮುಖ. ಅವು ಕತ್ತಲಾಗಿದ್ದರೆ ನೆಲದ ಮೇಲೆ ಸಾವಿರ ಲಕ್ಸ್ ಸುರಿದರೂ ಕೋಣೆ ತುಂಬುವುದಿಲ್ಲ. ಅದರ ಮೇಲೆ ನಮ್ಮವರಿಗೆ ಹೊಳೆಯುವ ಗ್ರಾನೈಟಿನ ಮೋಹ ಬೇರೆ. ಪಾಲಿಶ್ ಆದ ನೆಲದಲ್ಲಿ ಮೇಲಿನ ಒಂದೊಂದು ಡೌನ್‌ಲೈಟೂ ಮತ್ತೊಮ್ಮೆ ಮೂಡಿ, ಕೆಳಗಿನಿಂದಲೂ ಕಣ್ಣಿಗೆ ಚುಚ್ಚುತ್ತದೆ. ಆದ್ದರಿಂದ ಡ್ರಾಯಿಂಗ್ ಕೈಗೆ ಬಂದ ತಕ್ಷಣ ಸೀಲಿಂಗ್ ಪ್ಲಾನ್ ತೆರೆಯಬೇಡ. ಒಳಗೋಡೆಗಳ ಎಲಿವೇಶನ್ ತೆರೆ. ಬಾಗಿಲು ದಾಟಿ ಬಂದವರಿಗೆ ಮೊದಲು ಯಾವ ಮೈ ಬೆಳಗಿ ಕಾಣಬೇಕು, ಯಾವುದು ಹಿಂದೆ ಸರಿಯಬೇಕು ಅಂತ ಬಣ್ಣದ ಪೆನ್ಸಿಲಿನಲ್ಲಿ ಗುರುತು ಹಾಕು. ಫಿಟಿಂಗ್ ಯಾವುದು ಅನ್ನುವ ಪ್ರಶ್ನೆ ಅದಾದ ಮೇಲೆ.

ಈ ದಾರಿ ಹೊಸದೇನಲ್ಲ. ಅಮೆರಿಕದ ರಿಚರ್ಡ್ ಕೆಲ್ಲಿ ನಾಟಕರಂಗದ ಬೆಳಕಿನ ಅನುಭವದಿಂದ ಕಟ್ಟಡಗಳಿಗೆ ಬಂದವನು. 1952ರಲ್ಲೇ ಅವನು ಕಟ್ಟಡದ ಬೆಳಕನ್ನು ಮೂರಾಗಿ ವಿಂಗಡಿಸಿ ಹೇಳಿದ್ದ: ಎಲ್ಲ ಕಡೆ ಸಮನಾಗಿ ಹರಡಿ ಜಾಗದ ಅಳತೆ ತೋರಿಸುವ ಬೆಳಕು, ಇದನ್ನು ನೋಡು ಅಂತ ಒಂದು ಕಡೆಗೆ ಕಣ್ಣು ಸೆಳೆಯುವ ಬೆಳಕು, ಮಿನುಗಿ ಮನಸ್ಸನ್ನು ಲವಲವಿಕೆಯಲ್ಲಿಡುವ ಬೆಳಕು. ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ 1972ರಲ್ಲಿ ತೆರೆದ ಕಿಂಬೆಲ್ ಕಲಾ ಸಂಗ್ರಹಾಲಯದಲ್ಲಿ ವಾಸ್ತುಶಿಲ್ಪಿ ಲೂಯಿ ಕಾನ್‌ನ ಜೊತೆ ಅವನು ಮಾಡಿದ ಕೆಲಸದ ಚಿತ್ರಗಳನ್ನು ಹುಡುಕಿ ನೋಡು. ಕಾಂಕ್ರೀಟಿನ ಕಮಾನಿನ ನೆತ್ತಿಯಲ್ಲಿ ಉದ್ದಕ್ಕೂ ಒಂದು ಸೀಳು. ಅದರ ಕೆಳಗೆ ಸಣ್ಣ ರಂಧ್ರಗಳಿರುವ ಅಲ್ಯುಮಿನಿಯಮ್ಮಿನ ಬಾಗಿದ ರೆಕ್ಕೆಗಳು. ಸೀಳಿನಿಂದ ಇಳಿದ ಬಿಸಿಲು ಆ ರೆಕ್ಕೆಗೆ ತಗುಲಿ, ಮೇಲಕ್ಕೆ ಚಿಮ್ಮಿ, ಒರಟು ಕಾಂಕ್ರೀಟನ್ನು ಬೆಳ್ಳಿಯಂತೆ ಬೆಳಗಿಸುತ್ತದೆ. ದೀಪಗಳನ್ನು ಕೂರಿಸಿರುವುದೂ ಅದೇ ರೆಕ್ಕೆಯ ಅಂಚಿನಲ್ಲಿ. ಹೀಗೆ ಹಗಲ ಬೆಳಕೂ ದೀಪದ ಬೆಳಕೂ ಒಂದೇ ಚೌಕಟ್ಟಿನಲ್ಲಿ ಸೇರಿಕೊಂಡವು.

ಅಷ್ಟು ದೂರ ಹೋಗಲಾಗದಿದ್ದರೆ ಬನ್ನೇರುಘಟ್ಟ ರಸ್ತೆಗೆ ಹೋಗು. ಅಹಮದಾಬಾದಿನ ಐಐಎಂ ಕಟ್ಟುವಾಗ ಕಾನ್‌ನ ಜೊತೆಗಿದ್ದ ಬಿ.ವಿ. ದೋಶಿಯವರೇ ಬೆಂಗಳೂರಿನ ಐಐಎಂ ಅನ್ನು ವಿನ್ಯಾಸ ಮಾಡಿದವರು. ಅಲ್ಲಿನ ಕಲ್ಲಿನ ಪಡಸಾಲೆಗಳು ಒಂದು ಕಡೆ ಆಕಾಶಕ್ಕೆ ತೆರೆದಿವೆ, ಒಂದು ಕಡೆ ತೊಲೆಗಳ ಸಾಲಿನ ಕೆಳಗೆ, ಇನ್ನೊಂದು ಕಡೆ ಪೂರ್ತಿ ನೆರಳಲ್ಲಿ. ಅನುಮತಿ ಪಡೆದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನಡೆದು ಬಾ. ಬೆಳಕು ಕಡಿಮೆ ಇರುವ ಜಾಗ ಯಾಕೆ ಬೇಕು ಅನ್ನುವುದು ಅಲ್ಲಿ ಕಾಲಿಗೇ ಗೊತ್ತಾಗುತ್ತದೆ. ದೇವನಹಳ್ಳಿ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ಲನ್ನೂ ನೋಡು. ಬಿದಿರಿನ ಜಾಲರಿಯ ಮೇಲ್ಛಾವಣಿ ಬಿಸಿಲನ್ನು ಸೋಸಿ ಇಳಿಸುವ ಕಾರಣ, ಅಷ್ಟು ದೊಡ್ಡ ಜಾಗದಲ್ಲೂ ಹಗಲು ಕಣ್ಣು ಕುಕ್ಕುವುದಿಲ್ಲ.

ಗೋಡೆಗೆ ಬೆಳಕು ಕೊಡುವುದರಲ್ಲಿ ಎರಡು ಬಗೆ. ದೂರದಿಂದ ಸಮನಾಗಿ ತೊಳೆದಂತೆ ಹರಡುವುದು ವಾಲ್‌ವಾಷಿಂಗ್. ಅದಕ್ಕೆ ಫಿಟಿಂಗನ್ನು ಗೋಡೆಯಿಂದ ಸುಮಾರು ಕೋಣೆಯ ಎತ್ತರದ ಮೂರನೇ ಒಂದು ಭಾಗದಷ್ಟು ದೂರ ಇಡಬೇಕು. ಒಂಬತ್ತಡಿ ಎತ್ತರವಿದ್ದರೆ ಮೂರಡಿ. ಗೋಡೆಗೆ ಅಂಟಿದಂತೆ, ಅರ್ಧ ಅಡಿ ಒಂದಡಿ ಅಂತರದಲ್ಲಿ ಮೇಲಿನಿಂದ ಜಾರಿಸುವುದು ಗ್ರೇಜಿಂಗ್. ಸಾದರಹಳ್ಳಿ ಕಲ್ಲಿನ ಉಳಿ ಪೆಟ್ಟು, ಇಟ್ಟಿಗೆಯ ಒರಟು, ಮರದ ಕೆತ್ತನೆ ಇದ್ದರೆ ಗ್ರೇಜಿಂಗ್ ಮಾಡು, ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ಬರೀ ಪ್ಲಾಸ್ಟರ್ ಗೋಡೆಗೆ ಮಾತ್ರ ಯಾವತ್ತೂ ಮಾಡಬೇಡ. ಗಾರೆ ಮೇಸ್ತ್ರಿಯ ಕರಣೆ ಹೋದ ದಾರಿ, ಪುಟ್ಟಿ ತೇಪೆ, ಜಿಪ್ಸಮ್ ಬೋರ್ಡಿನ ಜಾಯಿಂಟು ಎಲ್ಲವೂ ಬೆಳಕಿನಲ್ಲಿ ಬಯಲಾಗುತ್ತವೆ. ಆಮೇಲೆ ಪಾಪ, ಬೈಸಿಕೊಳ್ಳುವವನು ಆ ಮೇಸ್ತ್ರಿ.

ಈಗ ನಿನ್ನ ಸೀರೆ ಅಂಗಡಿಗೆ ಬರೋಣ.

ನಮ್ಮ ಹೆಂಗಸರು ಮೈಸೂರು ಸಿಲ್ಕನ್ನೋ ಇಳಕಲ್ ಸೀರೆಯನ್ನೋ ಆರಿಸಿದ ಮೇಲೆ ಒಂದು ಕೆಲಸ ತಪ್ಪದೆ ಮಾಡುತ್ತಾರೆ. ಸೀರೆ ಹಿಡಿದು ಅಂಗಡಿಯ ಬಾಗಿಲಿಗೆ ನಡೆಯುತ್ತಾರೆ, ಹಗಲ ಬೆಳಕಿನಲ್ಲಿ ಬಣ್ಣ ನೋಡುವುದಕ್ಕೆ. ನಿಮ್ಮಜ್ಜಿಯೂ ಹಾಗೇ ಮಾಡುತ್ತಿದ್ದರು. ಅವರು ಬಾಗಿಲಿಗೆ ಹೋದದ್ದರ ಹಿಂದೆ ಭೌತಶಾಸ್ತ್ರವಿದೆ. ನೀಲಿ ಬೆಳಕು ಸೂಸುವ ಚಿಪ್ಪಿನ ಮೇಲೆ ಹಳದಿ ಫಾಸ್ಫರ್ ಲೇಪಿಸಿದಾಗ ಎರಡೂ ಬೆರೆತು ಬಿಳಿಯಾಗಿ ಕಾಣುತ್ತದೆ. ಆ ನೀಲಿ ಎಲ್‌ಇಡಿಗಾಗಿಯೇ 2014ರಲ್ಲಿ ಅಕಸಾಕಿ, ಅಮಾನೊ, ನಕಮುರಾ ಅವರಿಗೆ ನೊಬೆಲ್ ಬಂದದ್ದು ನಿನಗೆ ಗೊತ್ತಿದೆ. ಆದರೆ ಅಗ್ಗದ ಲೇಪನದಲ್ಲಿ ಗಾಢ ಕೆಂಪಿನ ಪಾಲು ತೀರಾ ಕಡಿಮೆ. ದೀಪದಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವುದರ ಸರಾಸರಿ ಅಂಕಿ ಸಿಆರ್‌ಐ. ಕಂಪನಿಯವರು ಸಿಆರ್‌ಐ 80 ಅಂತ ಬರೆದಿರುತ್ತಾರೆ, ಅದು ಸುಳ್ಳೇನಲ್ಲ. ಆ ಸರಾಸರಿಗೆ ಸೇರುವುದು ಎಂಟು ಮಾದರಿ ಬಣ್ಣಗಳು ಮಾತ್ರ, ಎಂಟೂ ಸೌಮ್ಯವಾದವು. ಗಾಢ ಕೆಂಪು ಒಂಬತ್ತನೆಯದು. ಅದರ ಅಂಕಿ ಆರ್9, ಸರಾಸರಿಯಿಂದ ಹೊರಗೆ. ಸಿಆರ್‌ಐ 80 ಇರುವ ದೀಪದ ಆರ್9 ಸೊನ್ನೆಯ ಆಸುಪಾಸಿನಲ್ಲೂ ಇರಬಹುದು. ಅಂಥ ದೀಪದ ಕೆಳಗೆ ಧಾರೆ ಸೀರೆಯ ಕುಂಕುಮ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ.

ಆದ್ದರಿಂದ ಟೆಂಡರಿನ ಸಾಮಾನು ಪಟ್ಟಿಯಲ್ಲಿ, ಅಂದರೆ ಬಿಒಕ್ಯೂನಲ್ಲಿ, ಬರೀ ಸಿಆರ್‌ಐ 90 ಅಂತ ಬರೆದು ಬಿಡಬೇಡ, ಆರ್9 ಕನಿಷ್ಠ 50 ಅಂತಲೂ ಬರೆ. ಕಂಪನಿ ಟಿಎಂ-30 ವರದಿ ಕೊಟ್ಟರೆ ಇನ್ನೂ ಒಳ್ಳೆಯದು. 2015ರಲ್ಲಿ ಬಂದ ಆ ಅಳತೆ 99 ಬಣ್ಣಗಳನ್ನು ನೋಡುತ್ತದೆ. ಯಾವ ಬಣ್ಣ ಎತ್ತ ಜಾರಿದೆ ಅನ್ನುವುದು ಅದರ ವೃತ್ತಚಿತ್ರದಲ್ಲಿ ಕಣ್ಣಿಗೇ ಕಾಣುತ್ತದೆ. ಮ್ಯಾಚಿಂಗ್ ಬ್ಲೌಸಿನ ಕಥೆಯೂ ಇದೇ. ಅಂಗಡಿಯಲ್ಲಿ ಸೀರೆಗೂ ಬ್ಲೌಸ್ ಪೀಸಿಗೂ ಬಣ್ಣ ಕೂಡಿರುತ್ತದೆ, ರಸ್ತೆಗೆ ಬಂದರೆ ಬೇರೆ ಬೇರೆ. ಎರಡು ಬಟ್ಟೆಗೂ ಹಾಕಿದ ಬಣ್ಣದ ಪುಡಿ ಬೇರೆಯಾದಾಗ ಒಂದು ದೀಪದಲ್ಲಿ ಸೇರುತ್ತವೆ, ಇನ್ನೊಂದರಲ್ಲಿ ಬೇರ್ಪಡುತ್ತವೆ. ದೀಪ ಹಗಲಿಗೆ ಹತ್ತಿರವಾದಷ್ಟೂ ಈ ತೊಂದರೆ ಕಡಿಮೆ. ನಿನ್ನ ಅಂಗಡಿಯಲ್ಲಿ ಸೀರೆ ಹಿಡಿದು ಬಾಗಿಲಿಗೆ ಹೋದವರು ಅದೇ ಬಣ್ಣ ಕಂಡು ಒಳಗೆ ಮರಳಿದರೆ ನೀನು ಗೆದ್ದಂತೆ.

ಸಾಂಪ್ರದಾಯಿಕ ರೇಷ್ಮೆ ಅಂಗಡಿಯಲ್ಲಿ ಬಿಳಿ ಗಾದಿ ಹಾಸಿ ಸೀರೆ ಬಿಚ್ಚಿ ತೋರಿಸುತ್ತಾರಲ್ಲ, ಅಲ್ಲಿ ಮಾತ್ರ ನಾನು ಮೇಲೆ ಹೇಳಿದ್ದು ತಿರುಗುಮುರುಗು. ಅಲ್ಲಿ ಮುಖ್ಯವಾದ ಮೈ ಗೋಡೆಯಲ್ಲ, ಗಾದಿ. ಗಾದಿಯ ಬಿಳುಪಿನಿಂದ ಬೆಳಕು ಮೇಲಕ್ಕೆ ಪುಟಿದು ಗಿರಾಕಿಯ ಮುಖವನ್ನೂ ಬೆಳಗಿಸುತ್ತದೆ. ಆದರೆ ದೊಡ್ಡ ಪ್ಯಾನಲ್ ಹಾಕಬೇಡ. ರೇಷ್ಮೆಯ ಎಳೆ ಅಡ್ಡ ಸೀಳಿದರೆ ಹೆಚ್ಚುಕಡಿಮೆ ತ್ರಿಕೋನ. ಒಂದು ದಿಕ್ಕಿನಿಂದ ಬರುವ ಬೆಳಕನ್ನು ಅದು ಹೊಳೆಯಿಸಿ ಮರಳಿಸುತ್ತದೆ. ಜರಿಯೂ ಹಾಗೆಯೇ. ಎಲ್ಲ ಕಡೆಯಿಂದ ಹರಡಿ ಬರುವ ಬೆಳಕಿನಲ್ಲಿ ಎರಡೂ ಸಪ್ಪೆ. ಸಣ್ಣ ಮೂಲದ, ಕೋನ ಬಿಗಿಯಾದ ಸ್ಪಾಟುಗಳನ್ನು ಗಾದಿಗೆ ಓರೆಯಾಗಿ ತಿರುಗಿಸು. ಸೀರೆ ಅಲುಗಿದಂತೆ ಜರಿ ಮಿಂಚಬೇಕು. ಹರಡಿದ ಬೆಳಕು ಜೊತೆಗೆ ಸ್ವಲ್ಪ ಇರಲಿ, ನೆರಳು ತೀರಾ ಕಪ್ಪಾಗದಷ್ಟು.

ಬೆಳಕಿನ ಬಣ್ಣ ಎಷ್ಟಿರಬೇಕು ಅಂತ ಮಾಲೀಕರು ಕೇಳುತ್ತಾರೆ. ಮೈಸೂರು ಅರಮನೆಯ ದೀಪಾಲಂಕಾರದ ತಂತಿ ಬಲ್ಬುಗಳಿವೆಯಲ್ಲ, ಆ ಹೊಂಬಣ್ಣ ಸುಮಾರು 2700 ಕೆಲ್ವಿನ್. ಚಿನ್ನ, ಜರಿ ಅದರಲ್ಲಿ ಸೊಗಸು, ಆದರೆ ನೀಲಿ, ನೇರಳೆ, ಹಾಲು ಬಿಳುಪಿನ ಸೀರೆಗಳು ಸೊರಗುತ್ತವೆ. 6500ರಲ್ಲಿ ಅರಿಶಿನವೂ ಕುಂಕುಮವೂ ಕಳೆಗುಂದುತ್ತವೆ, ನೋಡುವವರ ಮೈಬಣ್ಣವೂ. ನಾನಾದರೆ ಗಾದಿ, ಕಪಾಟು, ಕನ್ನಡಿ ಎಲ್ಲಕ್ಕೂ 3500ರಿಂದ 4000ದ ನಡುವೆ ಒಂದೇ ಬಣ್ಣ ಹಿಡಿಯುತ್ತೇನೆ. ಒಂದೇ ನೋಟದಲ್ಲಿ ಎರಡು ಬಿಳುಪು ಕಂಡರೆ ಕಣ್ಣು ಎರಡನ್ನೂ ನಂಬುವುದಿಲ್ಲ. ಕನ್ನಡಿಯ ಮುಂದೆ ತಲೆಯ ಮೇಲೆ ನೇರ ಡೌನ್‌ಲೈಟು ಇಡಬೇಡ, ಕಣ್ಣಿನ ಗುಳಿ ಕಪ್ಪಾಗಿ ಮದುವೆ ಹೆಣ್ಣು ಕೂಡ ಬಳಲಿದವಳಂತೆ ಕಾಣುತ್ತಾಳೆ. ಕನ್ನಡಿಯ ಎಡಬಲಕ್ಕೆ ಮುಖದ ಎತ್ತರದಲ್ಲಿ ಉದ್ದುದ್ದ ಮೃದು ಬೆಳಕು ಕೊಡು.

ಇನ್ನೊಂದು ವಿಷಯ ಅಂಗಡಿಯವರಿಗೆ ನೀನಾಗಿಯೇ ಹೇಳಬೇಕು, ಅವರು ಕೇಳುವುದಿಲ್ಲ. ರೇಷ್ಮೆಯ ಬಣ್ಣ ಬೆಳಕಿಗೆ ಮಾಸುತ್ತದೆ. ಕಲಾವಿದ ವೆಂಕಟಪ್ಪನವರ ಜಲವರ್ಣ ಚಿತ್ರಗಳಂಥ ಕಾಗದದ ಕೃತಿಗಳಿಗೂ ಹಳೆಯ ರೇಷ್ಮೆಗೂ ಸಂಗ್ರಹಾಲಯಗಳು ಪಾಲಿಸುವ ಮಿತಿ 50 ಲಕ್ಸ್. ಎಲ್‌ಇಡಿಯಲ್ಲಿ ಅತಿನೇರಳೆ ಕಿರಣ ಇಲ್ಲದಷ್ಟು ಕಡಿಮೆ ಅನ್ನುವುದು ನಿಜ. ಕಣ್ಣಿಗೆ ಕಾಣುವ ಬೆಳಕೂ ಮಾಸಿಸುತ್ತದೆ ಅನ್ನುವುದೂ ಅಷ್ಟೇ ನಿಜ. ಶೋಕೇಸಿನ ಬೊಂಬೆಗೆ ಉಡಿಸಿದ ಸೀರೆಯ ಮೇಲೆ ಸಾವಿರ ಲಕ್ಸ್ ಬೀಳುತ್ತಿದ್ದರೆ ಅದನ್ನು ಆಗಾಗ ಬದಲಿಸಲಿ, ಅಂಗಡಿ ಮುಚ್ಚಿದ ಮೇಲೆ ಆ ದೀಪ ತಾನಾಗಿ ಆರಲಿ. ನೇಯುವವನು ವಾರಗಟ್ಟಲೆ ಮಗ್ಗದಲ್ಲಿ ಕೂತು ತೆಗೆದ ಬಣ್ಣವನ್ನು ನಮ್ಮ ದೀಪ ತಿನ್ನಬಾರದು.

ಗ್ರಂಥಾಲಯದ್ದು ಬೇರೆಯೇ ಲೋಕ. ಡಯಲಕ್ಸ್ ತಂತ್ರಾಂಶದಲ್ಲಿ ಲೆಕ್ಕ ಹಾಕುವ ಮೊದಲು ಎರಡು ಹೊತ್ತು ಅಲ್ಲಿ ಹೋಗಿ ಸುಮ್ಮನೆ ಕುಳಿತುಕೋ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ನನ್ನ ವಯಸ್ಸಿನವರು ಪತ್ರಿಕೆ ಓದಲು ಬರುತ್ತಾರೆ. ಮಧ್ಯಾಹ್ನದಿಂದ ಬಾಗಿಲು ಮುಚ್ಚುವವರೆಗೂ ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಅರವತ್ತು ದಾಟಿದವನ ಕಣ್ಣಿನ ಹಿಂದಿನ ಪರದೆಗೆ ತಲುಪುವ ಬೆಳಕು ಇಪ್ಪತ್ತರ ಹುಡುಗನಿಗೆ ತಲುಪುವುದರ ಮೂರನೇ ಒಂದು ಪಾಲು. ಪಾಪೆ ಚಿಕ್ಕದಾಗುತ್ತದೆ, ಮಸೂರ ಹಳದಿಯಾಗುತ್ತದೆ. ಹಾಗಂತ ಬರೀ ಬೆಳಕು ಹೆಚ್ಚಿಸಿದರೆ ಸಾಲದು, ಮಂಜಾದ ಮಸೂರದಲ್ಲಿ ಪ್ರಖರ ದೀಪ ಚದುರಿ ಇನ್ನಷ್ಟು ಕುಕ್ಕುತ್ತದೆ. ನಮಗೆ ಬೇಕಾದದ್ದು ಕಾಗದದ ಮೇಲೆ ಹೆಚ್ಚು ಬೆಳಕು, ಕಣ್ಣಿಗೆ ನೇರವಾಗಿ ಏನೂ ಬೇಡ. ಇದನ್ನು ಓದಿ ಕಲಿತದ್ದಕ್ಕಿಂತ ಈಗ ಪ್ರತಿದಿನ ಅನುಭವಿಸುತ್ತಿದ್ದೇನೆ.

ಕಟ್ಟಡದ ಒಳಬೆಳಕಿಗೆ ನಮ್ಮಲ್ಲಿರುವ ಐಎಸ್ 3646 ಸಂಹಿತೆ ಒಂದೊಂದು ಕೆಲಸಕ್ಕೂ ಮೂರು ಅಂಕಿ ಕೊಡುತ್ತದೆ. ಸಾಮಾನ್ಯ ಕಚೇರಿಗೆ 300, 500, 750. ಪಡಸಾಲೆಗೆ 50, 100, 150. ಎಲ್ಲರೂ ನಡುವಿನದನ್ನು ಹಿಡಿದು ಮುಂದೆ ಹೋಗುತ್ತಾರೆ. ಯಾರು ಕೂರುತ್ತಾರೆ ಅಂತ ನೋಡಿ ಆರಿಸು ಅನ್ನುವುದಕ್ಕೇ ಮೂರು ಕೊಟ್ಟಿರುವುದು. ಹಿರಿಯರು ಪತ್ರಿಕೆ ಓದುವ ಮೂಲೆಗೆ ಮೇಲಿನ ಅಂಕಿ ಹಿಡಿ, ಓಡಾಡುವ ಜಾಗಕ್ಕೆ ಕೆಳಗಿನದು ಸಾಕು. ಇಡೀ ವಾಚನಾಲಯಕ್ಕೆ 500 ತುಂಬುವ ಬದಲು ಸೀಲಿಂಗಿನಿಂದ ತೂಗುಬಿಟ್ಟ ಉದ್ದ ಫಿಟಿಂಗುಗಳಿಂದ ಅರ್ಧ ಬೆಳಕು ಮೇಲಕ್ಕೆ, ಅರ್ಧ ಕೆಳಕ್ಕೆ ಕೊಟ್ಟು, ಒಟ್ಟು 200ರ ಹತ್ತಿರ ನಿಲ್ಲಿಸು. ಮೇಜಿನ ಮೇಲೆ ಓದುವವನೇ ಹಾಕಿ ಆರಿಸುವ ದೀಪ ಇಡು. ಪರೀಕ್ಷೆಗೆ ಓದುವ ಮಗುವಿಗೆ ತನ್ನ ಪುಸ್ತಕದ ಸುತ್ತ ತನ್ನದೇ ಬೆಳಕಿದ್ದರೆ ಮನಸ್ಸು ನಿಲ್ಲುತ್ತದೆ. ಹೊಳಪು ಕಾಗದದ ಸ್ಪರ್ಧಾ ಪತ್ರಿಕೆಗಳ ಮೇಲೆ ದೀಪದ ಪ್ರತಿಬಿಂಬ ಬೀಳದ ಹಾಗೆ ಆ ದೀಪ ಎದುರಿಗಲ್ಲ, ಪಕ್ಕದಲ್ಲಿರಲಿ. ಕುಕ್ಕುವಿಕೆಯ ಅಳತೆ ಯುಜಿಆರ್ 19 ದಾಟಬಾರದು ಅನ್ನುವುದನ್ನು ಇಲ್ಲಿ ಕಟ್ಟುನಿಟ್ಟಾಗಿ ಹಿಡಿ.

ಪುಸ್ತಕದ ಕಪಾಟುಗಳ ಸಾಲಿನಲ್ಲಿ ಎಲ್ಲರೂ ಮರೆಯುವುದು ಕೆಳಗಿನ ಹಲಗೆ. ಮೇಲಿನಿಂದ ಬಿದ್ದ ಬೆಳಕು ಮೇಲಿನೆರಡು ಹಲಗೆಯಲ್ಲೇ ಮುಗಿದುಹೋಗಿ, ಕೆಳಗೆ ಪುಸ್ತಕದ ಬೆನ್ನಿನ ಹೆಸರು ಕಾಣುವುದಿಲ್ಲ. ನಮ್ಮ ಗ್ರಂಥಾಲಯಗಳಲ್ಲಿ ಎಷ್ಟೋ ಒಳ್ಳೆಯ ಕನ್ನಡ ಪುಸ್ತಕಗಳು ಆ ಕೆಳಗಿನ ಕತ್ತಲಲ್ಲಿ ಕೂತು ಓದುಗರಿಲ್ಲದೆ ಹೋಗಿವೆ ಅನ್ನುವುದು ನನ್ನ ಬಹಳ ದಿನದ ಸಂಕಟ. ಎರಡು ಕಪಾಟುಗಳ ನಡುವಿನ ದಾರಿಯ ಉದ್ದಕ್ಕೂ, ನಡುಗೆರೆಯ ಮೇಲೆಯೇ, ಎರಡೂ ಪಕ್ಕಕ್ಕೆ ಬೆಳಕು ತಳ್ಳುವ ಲೆನ್ಸಿನ ಫಿಟಿಂಗ್ ಸಿಗುತ್ತದೆ, ಅದನ್ನು ಹಾಕು. ನೆಲ ತಿಳಿ ಬಣ್ಣದ್ದಾಗಿರಲಿ ಅಂತ ಆರ್ಕಿಟೆಕ್ಟರಿಗೆ ಈಗಲೇ ಹೇಳು. ನೆಲದಿಂದ ಪುಟಿದ ಬೆಳಕು ಕೆಳಗಿನ ಹಲಗೆಗೆ ಸಿಗುತ್ತದೆ. ಲಕ್ಸ್ ಮೀಟರನ್ನು ಆ ಹಲಗೆಯ ಮುಂದೆ ನೆಟ್ಟಗೆ ನಿಲ್ಲಿಸಿ ಅಳೆ. ಕಿಟಕಿಯ ಪಕ್ಕದ ಸಾಲಿಗೆ ಬೇರೆಯೇ ಸರ್ಕ್ಯೂಟ್ ಕೊಡು, ಹಗಲಲ್ಲಿ ಅದು ಆರಿರಲಿ. ಕರೆಂಟ್ ಹೋದಾಗ ಹೊರಗೆ ಹೋಗುವ ದಾರಿಯನ್ನು ತೋರಿಸುವ ಬ್ಯಾಟರಿ ದೀಪಗಳ ವಿಷಯದಲ್ಲಿ ಖರ್ಚು ಕಡಿತಕ್ಕೆ ಯಾರು ಕೇಳಿದರೂ ಒಪ್ಪಬೇಡ.

ಕಬ್ಬನ್ ಪಾರ್ಕಿನ ಕೆಂಪು ಗ್ರಂಥಾಲಯಕ್ಕೂ ಒಮ್ಮೆ ಹೋಗಿ ಬಾ. ಅದು ದಿವಾನ ಶೇಷಾದ್ರಿ ಅಯ್ಯರ್ ಅವರ ಸ್ಮಾರಕ ಭವನ. ಶಿವನಸಮುದ್ರದ ಜಲವಿದ್ಯುತ್ ಯೋಜನೆಗೆ ಕೈ ಹಾಕಿದವರು ಅವರು. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂತು. ನಾಡಿಗೆ ಕರೆಂಟ್ ತಂದವರ ನೆನಪಿಗೆ ಎತ್ತರದ ಕಿಟಕಿಗಳ ಆ ಓದುಮನೆ ನಿಂತಿರುವುದು ನನಗೆ ಯಾವಾಗಲೂ ಹೆಮ್ಮೆ.

ಎರಡೂ ಕಟ್ಟಡಕ್ಕೂ ಸಲ್ಲುವ ಒಂದು ಮಾತು, ಪ್ರವೇಶದ ಬಗ್ಗೆ. ಮಧ್ಯಾಹ್ನದ ಬಿಸಿಲಿನಲ್ಲಿ ಹೊರಗೆ ಒಂದು ಲಕ್ಷ ಲಕ್ಸ್ ಇರುತ್ತದೆ, ಒಳಗೆ ನೀನು ಮುನ್ನೂರು ಕೊಟ್ಟಿರುತ್ತೀಯ. ಬಾಗಿಲು ದಾಟಿದವರಿಗೆ ಕೆಲ ಕ್ಷಣ ಮೆಟ್ಟಿಲು ಕಾಣುವುದಿಲ್ಲ. ಆದ್ದರಿಂದ ಮೊದಲ ಹತ್ತು-ಹದಿನೈದು ಅಡಿಗೆ ಹಗಲಲ್ಲಿ ಹೆಚ್ಚು ಬೆಳಕು ಬೇಕು, ರಾತ್ರಿ ಕಡಿಮೆ. ಎಲ್ಲ ಕಡೆ ಮಾಡುವುದು ಇದಕ್ಕೆ ಉಲ್ಟಾ: ಹಗಲು ಆರಿಸಿ ರಾತ್ರಿ ಪೂರ್ತಿ ಹಾಕುತ್ತಾರೆ. ಮೆಟ್ರೋದ ನೆಲದಡಿಯ ನಿಲ್ದಾಣಕ್ಕೆ ಇಳಿಯುವಾಗ ನಿನ್ನ ಕಣ್ಣು ಎಲ್ಲಿ ತಡವರಿಸುತ್ತದೆ, ಎಲ್ಲಿ ಹೊಂದಿಕೊಳ್ಳುತ್ತದೆ ಅಂತ ಒಮ್ಮೆ ಗಮನವಿಟ್ಟು ನೋಡು.

ಮುಂದೆ ಆಸ್ಪತ್ರೆಯ ಕೆಲಸ ಬಂದರೆ ಸ್ಟ್ರೆಚರಿನ ಮೇಲೆ ಮಲಗಿ ಹೋಗುವವರನ್ನು ನೆನೆಸಿಕೋ. ಕಾರಿಡಾರಿನ ನಡುವೆ ಸಾಲಾಗಿ ಪ್ಯಾನಲ್ ಹಾಕಿದರೆ ಒಂದೊಂದೂ ರೋಗಿಯ ಕಣ್ಣಿನ ಮೇಲೆ ಹಾದು ಹೋಗುತ್ತದೆ. ಪಕ್ಕದ ಗೋಡೆಗೆ ಬೆಳಕು ಕೊಡು. ರಕ್ತದಲ್ಲಿ ಆಮ್ಲಜನಕ ಇಳಿದಾಗ ತುಟಿ, ಉಗುರು ನೀಲಿಗಟ್ಟುವುದನ್ನು ನರ್ಸ್ ಬರಿಗಣ್ಣಿನಲ್ಲಿ ಗುರುತಿಸಬೇಕು. ಅದಕ್ಕೆಂದೇ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನವರು ದೀಪಗಳಿಗೆ ಪ್ರತ್ಯೇಕ ಅಳತೆಯೊಂದನ್ನು ಇಟ್ಟುಕೊಂಡಿದ್ದಾರೆ, 3300ರಿಂದ 5300 ಕೆಲ್ವಿನ್ ಒಳಗಿರಬೇಕು ಅಂತಲೂ ಹೇಳಿದ್ದಾರೆ. ದೀಪದ ಬಣ್ಣ ಜೀವದ ಪ್ರಶ್ನೆಯಾಗುವ ಜಾಗ ಅದು.

ಇನ್ನು ಟೆಂಡರ್. ನಿನ್ನ ಡ್ರಾಯಿಂಗ್ ಎಷ್ಟೇ ಚೆನ್ನಾಗಿದ್ದರೂ ಅದನ್ನು ಕೆಡಿಸುವುದು ಬಿಒಕ್ಯೂನ ‘ಆರ್ ಈಕ್ವಿವಲೆಂಟ್’ ಅನ್ನುವ ಎರಡು ಪದ. ಸರ್ಕಾರಿ ಕೆಲಸದಲ್ಲಿ ಒಂದೇ ಕಂಪನಿಯ ಹೆಸರು ಹಾಕುವಂತಿಲ್ಲ, ಅದು ಸರಿಯೇ. ಹಾಗಾಗಿ ಸಮಾನ ಅಂದರೆ ಏನು ಅನ್ನುವುದನ್ನು ಅಂಕಿಯಲ್ಲಿ ಬರೆ. 50,000 ಗಂಟೆ ಬಾಳಿಕೆ ಅಂತ ಎಲ್ಲರ ಡಬ್ಬಿಯ ಮೇಲೂ ಇರುತ್ತದೆ. ಅದರ ಅರ್ಥ ಅಷ್ಟು ಹೊತ್ತಿಗೆ ಬೆಳಕು ಶೇ 70ಕ್ಕೆ ಇಳಿದಿರುತ್ತದೆ ಅಂತ. ಅದಕ್ಕೂ ಆಧಾರ ಬೇಕು. ಎಲ್‌ಎಂ-80 ಪರೀಕ್ಷೆಯ ವರದಿ ಕೇಳು. ಕನಿಷ್ಠ 6,000 ಗಂಟೆ ಉರಿಸಿ ಅಳೆದಿರಬೇಕು. ಅಳೆದ ಅವಧಿಯ ಹೆಚ್ಚೆಂದರೆ ಆರು ಪಟ್ಟು ಮಾತ್ರ ಮುಂದಕ್ಕೆ ಅಂದಾಜು ಮಾಡಬಹುದು ಅನ್ನುವುದು ನಿಯಮ. 6,000 ಗಂಟೆ ಅಳೆದವನು 36,000 ಹೇಳಬಹುದೇ ಹೊರತು 50,000 ಹೇಳುವ ಹಾಗಿಲ್ಲ. ಈ ಒಂದು ಪ್ರಶ್ನೆ ಕೇಳಿದರೆ ಸಾಕು, ಮೇಜಿನ ಆಚೆ ಕೂತವರು ನಿನ್ನ ಮಾತನ್ನು ಬೇರೆ ರೀತಿ ಕೇಳಲು ಶುರು ಮಾಡುತ್ತಾರೆ.

ನಿಜ ಹೇಳಬೇಕೆಂದರೆ ಮೊದಲು ಸಾಯುವುದು ಎಲ್‌ಇಡಿ ಅಲ್ಲ, ಅದಕ್ಕೆ ಕರೆಂಟ್ ಹದ ಮಾಡಿ ಕೊಡುವ ಡ್ರೈವರ್. ಅದರೊಳಗಿನ ಕೆಪ್ಯಾಸಿಟರು ಹತ್ತು ಡಿಗ್ರಿ ಹೆಚ್ಚು ಬಿಸಿಯಾದರೆ ಆಯುಸ್ಸು ಸುಮಾರು ಅರ್ಧ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ, ತಾರಸಿಯ ಕೆಳಗೆ ಗಾಳಿಯಾಡದ ಫಾಲ್ಸ್ ಸೀಲಿಂಗಿನ ಮೇಲೆ ಅದನ್ನು ಕೂರಿಸಿದರೆ ಎಷ್ಟು ದಿನ ಬಾಳೀತು? ಡ್ರೈವರಿಗೆ ಗಾಳಿ ಬರುವ, ಏಣಿ ಹಾಕಿ ಕೈಗೆ ಸಿಗುವ ಜಾಗ ಗೊತ್ತು ಮಾಡು, ಡ್ರಾಯಿಂಗ್‌ನಲ್ಲಿ ಗುರುತು ಹಾಕು. ಎರಡು ಅಂತಸ್ತಿನ ಎತ್ತರದ ಲಾಬಿಯಾದರೆ ಇನ್ನೂ ಮುಖ್ಯ. ಒಂದು ಡ್ರೈವರ್ ಬದಲಿಸಲು ಸ್ಕ್ಯಾಫೋಲ್ಡಿಂಗ್ ಕಟ್ಟಬೇಕಾದ ಕಟ್ಟಡದಲ್ಲಿ ಆರಿದ ದೀಪ ಆರಿಯೇ ಇರುತ್ತದೆ. ಕೋವ್‌ನಲ್ಲಿ ಸ್ಟ್ರಿಪ್ ಹಾಕುವಾಗಲೂ ಕೈ ಹೋಗುವಷ್ಟು ಸಂದು ಬಿಡಿಸು. ಸ್ಟ್ರಿಪ್ಪನ್ನು ಬರೀ ಅಂಟಿಸಬೇಡ, ಅಲ್ಯುಮಿನಿಯಂ ಪ್ರೊಫೈಲಿನಲ್ಲಿ ಕೂರಿಸಿ ಡಿಫ್ಯೂಸರ್ ಮುಚ್ಚಿಸು. ಒಂದೇ ತುದಿಯಿಂದ ಐದು ಮೀಟರಿಗಿಂತ ಹೆಚ್ಚು ಎಳೆದರೆ ಕೊನೆಯಲ್ಲಿ ಮಂಕಾಗುತ್ತದೆ.

ಫ್ಲಿಕರ್ ನೋಡುವುದು ಸುಲಭ. ಸ್ಯಾಂಪಲ್ ದೀಪದ ಕೆಳಗೆ ಪೆನ್ನನ್ನು ಜೋರಾಗಿ ಆಡಿಸು. ಒಂದು ಪೆನ್ನಿನ ಬದಲು ಹಲವು ಪೆನ್ನು ಸಾಲಾಗಿ ಕಂಡರೆ ಆ ಡ್ರೈವರ್ ಬೇಡ. ಮೊಬೈಲಿನ ಸ್ಲೋಮೋಷನ್ ವಿಡಿಯೊದಲ್ಲೂ ಗೊತ್ತಾಗುತ್ತದೆ. ಡಿಮ್ ಮಾಡಿ ಮತ್ತೆ ನೋಡು. ಪೂರ್ತಿ ಬೆಳಕಿನಲ್ಲಿ ನೆಟ್ಟಗಿದ್ದದ್ದು ಕಾಲು ಭಾಗಕ್ಕೆ ಇಳಿಸಿದಾಗ ಮಿಟುಕಲು ಶುರು ಮಾಡುವುದುಂಟು. ದಿನವಿಡೀ ಓದುವ ಮಕ್ಕಳ ತಲೆನೋವಿಗೆ ಅದೊಂದು ಕಾರಣ. ಬಣ್ಣದ ಏಕರೂಪಕ್ಕೆ ಮೂರು ಎಸ್‌ಡಿಸಿಎಂ ಅಂತ ಬರೆ, ಜೊತೆಗೆ ಅದೇ ಬ್ಯಾಚಿನ ಶೇ 5ರಷ್ಟು ಫಿಟಿಂಗುಗಳನ್ನು ಸ್ಪೇರ್ ಕೇಳು. ಮೂರು ವರ್ಷದ ನಂತರ ಬೇರೆ ಬ್ಯಾಚಿನದು ತಂದು ಹಾಕಿದರೆ ಬಿಳಿ ಗೋಡೆಯ ಮೇಲೆ ಒಂದು ತೇಪೆ ಗುಲಾಬಿ, ಒಂದು ತೇಪೆ ಹಸಿರು. ಒಪ್ಪಿಗೆಯಾದ ಸ್ಯಾಂಪಲ್ಲಿನ ಮೇಲೆ ಎಲ್ಲರ ಸಹಿ ಹಾಕಿಸಿ ಸೈಟ್ ಆಫೀಸಿನ ಬೀರುವಿನಲ್ಲಿ ಇಡಿಸು.

ಕಂಟ್ರೋಲ್ ಬಗ್ಗೆ ನಿನಗೇ ಹೆಚ್ಚು ಗೊತ್ತು. ದೀಪ ನಿಯಂತ್ರಿಸುವ ಡಾಲಿ ವ್ಯವಸ್ಥೆಯ ಒಂದು ಲೈನಿನಲ್ಲಿ 64 ವಿಳಾಸ, 16 ಸೀನ್ ಇರುತ್ತವೆ. ಗ್ರಂಥಾಲಯದ ಅಟೆಂಡರಿಗೆ ಬೇಕಾದದ್ದು ಮೂರು ಗುಂಡಿ. ಅವನಿಗೆ ಅರ್ಥವಾಗುವ ಕನ್ನಡದಲ್ಲಿ ಆ ಗುಂಡಿಗಳ ಮೇಲೆ ಹೆಸರು ಬರೆಸು.

ಕೊನೆಗೆ ಏಮಿಂಗ್. ಸ್ಪಾಟುಗಳನ್ನು ತಿರುಗಿಸಿ ನಿಲ್ಲಿಸುವ ಕೆಲಸವನ್ನು ಹಗಲಲ್ಲಿ ಮಾಡಿಸಲು ಕಂಟ್ರಾಕ್ಟರ್ ನೋಡುತ್ತಾನೆ, ಒಪ್ಪಬೇಡ. ಕತ್ತಲಾದ ಮೇಲೆ, ಸೀರೆಗಳು ಗಾದಿಗೆ ಬಂದ ಮೇಲೆ, ಪುಸ್ತಕಗಳು ಕಪಾಟಿಗೆ ಸೇರಿದ ಮೇಲೆ ನೀನೇ ನಿಂತು ಮಾಡಿಸು. ಏಣಿಯ ಮೇಲಿರುವ ವೈರ್‌ಮನ್ ಜೊತೆ ಗೌರವದಿಂದ ಮಾತಾಡು. ಯಾಕೆ ಆ ಕಡೆ ತಿರುಗಿಸಬೇಕು ಅಂತ ಒಂದು ಸಲ ಕೆಳಗಿಳಿಸಿ ತೋರಿಸಿದರೆ ಮಿಕ್ಕಿದ್ದನ್ನು ಅವನೇ ನಿನಗಿಂತ ಚೆನ್ನಾಗಿ ಮಾಡುತ್ತಾನೆ. ಅದೇ ರಾತ್ರಿ ಒಂದೊಂದಾಗಿ ಕೆಲವು ದೀಪ ಆರಿಸಿ ನೋಡು. ಆರಿಸಿದಾಗ ಯಾರಿಗೂ ವ್ಯತ್ಯಾಸ ಗೊತ್ತಾಗದ ದೀಪವನ್ನು ಮುಂದಿನ ಕಟ್ಟಡದ ಡ್ರಾಯಿಂಗಿನಲ್ಲಿ ಬರೆಯಲೇಬೇಡ.

ಈಗ ನನಗೆ ಕೆಲವು ವಿಷಯ ಬರೆದು ಕಳಿಸು. ಗ್ರಂಥಾಲಯದ ಕಿಟಕಿಗಳು ಯಾವ ದಿಕ್ಕಿಗಿವೆ, ಕಪಾಟಿನ ಎತ್ತರ ಎಷ್ಟು, ಎರಡು ಕಪಾಟುಗಳ ನಡುವೆ ಎಷ್ಟು ಅಡಿ ಬಿಟ್ಟಿದ್ದಾರೆ. ಸೀರೆ ಅಂಗಡಿಯಲ್ಲಿ ಗಾದಿ ಇಡುತ್ತಾರೋ ಎಲ್ಲ ಕೌಂಟರೋ, ಸೀಲಿಂಗಿನ ಮೇಲೆ ತಾರಸಿಯೋ ಇನ್ನೊಂದು ಮಹಡಿಯೋ. ಲಕ್ಸ್ ಲೆಕ್ಕ ಈಗಲೇ ಬೇಡ, ಆ ಬಣ್ಣದ ಪೆನ್ಸಿಲಿನ ಎಲಿವೇಶನ್ ಹಾಳೆಗಳ ಫೋಟೊ ಸಾಕು.

ನಿನ್ನ ಮಾವ